ಪೇಪರಿಗೆ ಮಾರ್ಕ್ಸ್ ಹಾಕುವ ಅತ್ತೆ

ನಮ್ಮ ಸೋದರತ್ತೆ ಪತ್ರಿಕೆಯ ಪದಬಂಧದಲ್ಲಿ ಇವತ್ತಿನವರೆಗೆ ಒಂದೇ ಒಂದು ಉತ್ತರ ತಪ್ಪಿದವಳಲ್ಲ. ತಪ್ಪಿದ್ದೆಲ್ಲ ಪತ್ರಿಕೆಯೇ! ಇದು ನನ್ನ ಮಾತಲ್ಲ, ಅವಳದೇ. ಹೊಸಪೇಟೆಯಲ್ಲಿ ಈ ಮಾತಿಗೆ ಎದುರಾಡಿ, ಮರ್ಯಾದೆ ಉಳಿಸಿಕೊಂಡು ಮನೆಗೆ ಹೋದವರನ್ನು ನಾನಂತೂ ಕಂಡಿಲ್ಲ.

ನೀವು ನಾವೆಲ್ಲ ಪದಬಂಧ ಬಿಡಿಸುವುದು ಹೇಗೆ ಹೇಳಿ? ಸುಳಿವು ಓದುತ್ತೇವೆ, ಎಷ್ಟು ಮನೆ ಇದೆಯೆಂದು ಎಣಿಸುತ್ತೇವೆ, ಪೆನ್ಸಿಲಿನಲ್ಲಿ ಅಂಜುತ್ತ ಅಳುಕುತ್ತ ಬರೆಯುತ್ತೇವೆ, ಅಳಿಸುತ್ತೇವೆ, ಮತ್ತೆ ಬರೆಯುತ್ತೇವೆ. ಮರುದಿನ ಸರಿಯುತ್ತರ ನೋಡಿ ‘ಅಯ್ಯೋ, ಇಷ್ಟೇನಾ!’ ಎಂದು ಹಣೆ ಚಚ್ಚಿಕೊಳ್ಳುತ್ತೇವೆ. ನಮ್ಮತ್ತೆಯದು ಬೇರೆಯೇ ಕ್ರಮ. ಅವಳು ಹಿಡಿಯುವುದು ಕೆಂಪು ಪೆನ್ನು. ಪೆನ್ಸಿಲು ಹಿಡಿಯುವವರೆಂದರೆ ಅವಳ ಲೆಕ್ಕದಲ್ಲಿ ಮಾತು ಕೊಟ್ಟು ಹಿಂದೆ ಸರಿಯುವ ಮಂದಿ. ಮರುದಿನ ಸರಿಯುತ್ತರ ಬಂದಾಗ ಅವಳು ತನ್ನದನ್ನು ತಿದ್ದಿಕೊಳ್ಳುವುದಿಲ್ಲ, ಪತ್ರಿಕೆಯದನ್ನು ತಿದ್ದುತ್ತಾಳೆ! ತನ್ನ ಉತ್ತರಕ್ಕೆ ಹೊಂದಿದ ಕಡೆ ಒಂದು ಟಿಕ್, ಹೊಂದದ ಕಡೆ ಒಂದು ಇಂಟು, ಕೊನೆಗೆ ಮೂಲೆಯಲ್ಲಿ ಗೋಲ ಸುತ್ತಿ ಮಾರ್ಕ್ಸ್.

“ಇವತ್ತು ನಲವತ್ತು,” ಎನ್ನುತ್ತಾಳೆ. “ಜಸ್ಟ್ ಪಾಸ್. ಓದು ಸಾಲದು ಇವರಿಗೆ.”

ಅತ್ತೆ ಸಂಡೂರಿನ ಒಂದು ಗಣಿ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಸಂಜೆ ಕೆಂಪು ಧೂಳಲ್ಲಿ ಮಿಂದು ಬರುತ್ತಿದ್ದಳು. ಯಾವ ಬಣ್ಣದ ಸೀರೆ ಉಟ್ಟು ಹೋದರೂ ಬರುವಾಗ ಅದು ಒಂದೇ ಬಣ್ಣ. ರಿಟೈರಾಗಿ ಬರುವಾಗ ಅವಳು ಆ ಆಫೀಸಿನಿಂದ ಎರಡು ಅಭ್ಯಾಸ ತಂದಳು. ಒಂದು, ಮೇಲಿನವರ ಮಾತು ಕೇಳದಿರುವುದು. ಇನ್ನೊಂದು, ವೈಟ್‌ನರ್.

ಈ ವೈಟ್‌ನರಿನ ಕತೆ ಹೇಳಲೇಬೇಕು. ಪದಬಂಧದಲ್ಲಿ ಒಂದು ಸುಳಿವು ಇತ್ತೆನ್ನಿ: ‘ರಾಜರ ವಾಹನ, ಎರಡು ಅಕ್ಷರ.’ ನಮಗೆಲ್ಲ ‘ರಥ’ ಹೊಳೆಯುತ್ತದೆ, ಬರೆದು ಮುಂದೆ ಹೋಗುತ್ತೇವೆ. ಅತ್ತೆ ‘ಅಂಬಾರಿ’ ಎಂದು ಬರೆದಳು. ಮೂರನೆಯ ಅಕ್ಷರ ಎಲ್ಲಿಗೆ ಹೋಗಬೇಕು? ಪಕ್ಕದಲ್ಲಿ ಕಪ್ಪು ಮನೆ! ಅತ್ತೆ ವೈಟ್‌ನರಿನ ಮುಚ್ಚಳ ತಿರುಗಿಸಿದಳು, ಕಪ್ಪು ಮನೆಗೆ ಸುಣ್ಣ ಬಳಿದಳು, ಉಫ್ ಎಂದು ಊದಿ ಒಣಗಿಸಿದಳು, ‘ರಿ’ಯನ್ನು ತಂದು ಕೂರಿಸಿದಳು.

“ಅತ್ತೀ, ಅಲ್ಲಿ ಎರಡೇ ಮನಿ ಐತಿ,” ಎಂದೆ.

“ಹಂಪಿ ನೋಡೀಯಿಲ್ಲೋ ನೀನು? ಅಷ್ಟಗಲ ಬಜಾರ, ಅಷ್ಟೆತ್ತರ ಆನಿ ಲಾಯ. ಅಂಥಾ ಊರಿನ ರಾಜ ಎರಡು ಮನ್ಯಾಗ ಮುದುರಿಕೊಂಡು ಹೋಗ್ತಾನೇನಲೇ?”

ಒಮ್ಮೊಮ್ಮೆ ಅವಳ ಪದಬಂಧದಲ್ಲಿ ಕಪ್ಪು ಮನೆಯೇ ಉಳಿಯುತ್ತಿರಲಿಲ್ಲ. ಇನ್ನು ಕೆಲವು ದಿನ ಉತ್ತರ ಚಿಕ್ಕದಾಗಿ ಮನೆ ಮಿಕ್ಕರೆ, ಕಪ್ಪು ಪೆನ್ನಿನಿಂದ ತಿಕ್ಕಿ ತಿಕ್ಕಿ ಹೊಸ ಕಪ್ಪು ಮನೆ ಕಟ್ಟುತ್ತಿದ್ದಳು. ಮದುವೆ ಯಾಕೆ ಆಗಲಿಲ್ಲ ಅತ್ತೀ ಎಂದು ಒಮ್ಮೆ ಸಲಿಗೆಯಿಂದ ಕೇಳಿದ್ದೆ. “ಮೇಲಿಂದ ಕೆಳಗ ಹೊಂದಿದಾಂವ ಎಡದಿಂದ ಬಲಕ್ಕ ಹೊಂದಲಿಲ್ಲ,” ಎಂದು ಹೇಳಿ ತಿರುಗಿ ಪೇಪರಿನೊಳಗೆ ತಲೆ ಹಾಕಿದ್ದಳು. ವೈಟ್‌ನರ್ ಹಚ್ಚಿಸಿಕೊಳ್ಳುವ ಗಂಡು ಈ ಸೀಮೆಯಲ್ಲಿ ಸಿಗಲಿಲ್ಲ ಅಂತ ಕಾಣುತ್ತದೆ.

ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪೇಪರು ಬರುವುದು ಅಂಗಡಿಗೆ. ಹಾಗಾಗಿ ಪದಬಂಧದ ಮಂದಿಯೂ ಅಲ್ಲಿಗೇ ಬರುತ್ತಾರೆ. ಅವರಲ್ಲಿ ಮುಖ್ಯರು ರಿಟೈರಾದ ಕನ್ನಡ ಮಾಸ್ತರು. ಬಗಲಲ್ಲಿ ಒಂದು ನಿಘಂಟು, ಕಣ್ಣಲ್ಲಿ ಒಂದು ತಿರಸ್ಕಾರ. ಅವರ ಪ್ರಕಾರ ಪದಬಂಧವೆಂದರೆ ಸೂರ್ಯ, ಚಂದ್ರ, ತಾವರೆ, ಆನೆ ಮತ್ತು ದೇವರ ವಾಹನಗಳು. ಸೂರ್ಯನಿಗೆ ರವಿ ಹೊಂದದಿದ್ದರೆ ಭಾನು, ಭಾನು ಹೊಂದದಿದ್ದರೆ ಅಚ್ಚಿನ ದೋಷ! ಇನ್ನೊಬ್ಬ ನಮ್ಮ ಕಂಪ್ಲಿ ಚಿಕ್ಕಪ್ಪ, ಅತ್ತೆಯ ತಮ್ಮ. ಅಲ್ಲಿನ ರೈಸ್ ಮಿಲ್ಲಿನಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ಫೋನು ಮಾಡಿ, ಮಿಲ್ಲಿನ ಸದ್ದಿನ ನಡುವೆ, “ಮುಗೀತು ನಂದು!” ಎಂದು ಕೂಗುತ್ತಾನೆ. ಎಷ್ಟೋ ದಿನ ಕಂಪ್ಲಿಗೆ ಪೇಪರು ತಲುಪುವ ಮೊದಲೇ ಮುಗಿಸಿರುತ್ತಾನೆ!

ಅವನ ಗುಟ್ಟು ಅತ್ತೆಗೆ ಗೊತ್ತು. ಖಾಲಿ ಮನೆ ಕಂಡರೆ ಅವನಿಗೆ ತಡೆಯಲಾಗುವುದಿಲ್ಲ, ಕೈಗೆ ಬಂದ ಅಕ್ಷರ ತುಂಬಿಬಿಡುತ್ತಾನೆ. ಒಮ್ಮೆ ಅವನು ಊರಿಗೆ ಬಂದಾಗ ಅವನ ಪದಬಂಧ ಕಸಿದು ನೋಡಿ ಕೇಳಿದಳು:

“‘ಕಮುರೆ’ ಅಂದ್ರೇನಲೇ ಇದು?”

“ಎಮ್ಮಿಗನೂರು ಕಡೆ ಅಂತಾರಕ್ಕ.”

“‘ಟೊಣಗಿ’?”

“ಅದೂ ಎಮ್ಮಿಗನೂರು ಕಡೇದ.”

ಪಾಪ, ಎಮ್ಮಿಗನೂರಿನವರಿಗೆ ತಮ್ಮೂರಲ್ಲಿ ಇಷ್ಟೊಂದು ಪದಗಳಿವೆಯೆಂದು ಯಾರಾದರೂ ಹೇಳಬೇಕು.

ಈಗ ‘ಪಾಪ’ ಎಂದೆನಲ್ಲ, ಆ ಶಬ್ದವನ್ನು ಅತ್ತೆಯ ಎದುರು ಅಪ್ಪಿತಪ್ಪಿಯೂ ಎನ್ನುವ ಹಾಗಿಲ್ಲ. ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಸಣ್ಣದು, ದೇವರು ದೊಡ್ಡವನು ಎಂದರು ಡಾಕ್ಟರು. ಬಲಗೈ ಸೋತಿತು. ಮಾತು ನಿಲ್ಲಲಿಲ್ಲ, ಅದು ನಿಂತೀತೇ! ಆದರೆ ಮಾತಿನ ನಡುವೆ ಇದ್ದಕ್ಕಿದ್ದ ಹಾಗೆ ಒಂದು ಪದ ಕಣ್ಮರೆಯಾಗತೊಡಗಿತು. ಗೊತ್ತಿರುವ ಪದವೇ, ನಾಲಿಗೆಯ ತುದಿಗೆ ಬಂದು ಹೊರಗೆ ಬರದ ಪದ. ಊಟಕ್ಕೆ ಕೂತಾಗ “ಅದು... ಅದು ಕೊಡು” ಎನ್ನುವಳು. ತಗೊಳ್ಳಿ, ನನ್ನ ಅವ್ವ ಮತ್ತು ನಾನು ಓಡುವುದೇ ಓಡುವುದು! “ಚಟ್ನಿ ಬೇಕೇನ? ನೀರೇನ? ಫ್ಯಾನ್ ಹಚ್ಚಬೇಕೇನ? ಕನ್ನಡಕೇನ?” ಒಂದು ದಿನ ತಾಟು ತಳ್ಳಿಬಿಟ್ಟಳು.

“ನಾ ಕೇಳಿದ್ದು ಉಪ್ಪು! ನೀವು ಸಂತೀನ ತಂದು ಸುರುವಿದ್ರಿ. ಒಂದು ಗಳಿಗಿ ಸುಮ್ನಿದ್ರ ನಾನ ಹೇಳ್ತಿದ್ದಿಲ್ಲೇನು?”

ಸುಮ್ಮನಿರುವುದು ನಮ್ಮಿಂದ ಎಲ್ಲಿ ಆಗುತ್ತದೆ! ಅವ್ವ ರೊಟ್ಟಿಯನ್ನು ಚೂರು ಮಾಡಿ ಹಾಲಲ್ಲಿ ನೆನೆಸಿ ಕೊಡತೊಡಗಿದಳು. ಚಿಕ್ಕಪ್ಪ ಫೋನಿನಲ್ಲಿ “ಅಕ್ಕಾ... ಊಟಾ... ಆತಾ...” ಎಂದು ಎಳೆದೆಳೆದು ಕೂಗತೊಡಗಿದ. “ನನಗ ಹೋಗಿದ್ದು ಬಲಗೈ, ಕಿವಿ ಅಲ್ಲಲೇ! ಕೈಲೇ ಕೇಳ್ತಾರೇನು ಯಾರರ?” ಎಂದು ಇವಳು ತಿರುಗಿ ಕೂಗುವಳು. ನೋಡಲು ಬಂದವರು ಅವಳ ಎದುರೇ ಅವ್ವನನ್ನು ಕೇಳುವರು: “ಹೆಂಗದಾರ? ಪಾಪ, ಎಲ್ಲಾ ತಿಳೀತೈತೇನು?” ಸಂಡೂರಿನ ಗಣಿ ಮಾಲೀಕರನ್ನೇ ನಿಂತಲ್ಲಿ ನೀರಿಳಿಸಿದ ಹೆಂಗಸು! ಅವಳ ಎದುರು ಕೂತು, ಅವಳಿಗೆ ತಿಳಿಯುತ್ತದೆಯೇ ಎಂದು ಇನ್ನೊಬ್ಬರನ್ನು ಕೇಳುವುದೆಂದರೆ ಏನು? ನನಗೇ ರಕ್ತ ಕುದಿಯುತ್ತಿತ್ತು. ಇನ್ನು ಅವಳಿಗೆ?

ಅವಳು ಎಡಗೈಯಲ್ಲಿ ಬರೆಯುವುದನ್ನು ಕಲಿತಳು. ಅಕ್ಷರಗಳು ಒಂದೊಂದೂ ಕುಂಬಳಕಾಯಿಯಷ್ಟಾದವು. ಪೇಪರಿನ ಮನೆಗಳಲ್ಲಿ ಹಿಡಿಸುವುದಿಲ್ಲವಲ್ಲ? ನಾನು ದಿನಾ ಪದಬಂಧವನ್ನು ದೊಡ್ಡ ಹಾಳೆಗೆ ಹಿಗ್ಗಿಸಿ ಜೆರಾಕ್ಸ್ ಮಾಡಿ, ತಿಂಡಿಗೆ ಹೋದಾಗ ಕೊಟ್ಟು ಬರುತ್ತಿದ್ದೆ. ಅದನ್ನು ಹಿಡಿದು ಅವಳು ಕೋಣೆಯ ಬಾಗಿಲು ಹಾಕಿಕೊಳ್ಳುವಳು. ಅಲ್ಲಿ ಪದ ಬರದಿದ್ದರೆ ಯಾರೂ ಓಡಿ ಬಂದು ಬಾಯಿಗೆ ತುರುಕುತ್ತಿರಲಿಲ್ಲ. ಹುಡುಕಬಹುದು, ಕಾಯಬಹುದು, ಬೈಯಬಹುದು. ಇಡೀ ದಿನದಲ್ಲಿ ಅವಳು ಮೊದಲಿನ ಅವಳೇ ಆಗಿರುತ್ತಿದ್ದ ಹೊತ್ತು ಅದೊಂದೇ.

ಇಂಥದರಲ್ಲಿ ಪತ್ರಿಕೆಗೆ ಪದಬಂಧ ರಚಿಸುವ ಹೊಸಬರು ಯಾರೋ ಬಂದರು. ಹೆಸರಿಲ್ಲ, ಊರಿಲ್ಲ. ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಸೂರ್ಯ ಚಂದ್ರರೆಲ್ಲ ಮಾಯ! ಸುಳಿವು ಹೀಗಿತ್ತು: ‘ಎಲ್ಲರ ಮನೆಯಲ್ಲೂ ಇದೆ, ಯಾರೂ ಕೊಂಡು ತಂದದ್ದಲ್ಲ. ಎರಡು ಅಕ್ಷರ.’

ಅಂಗಡಿಯಲ್ಲಿ ಹುಯಿಲೆದ್ದಿತು. ಮಾಸ್ತರು ಕಣ್ಣು ಮುಚ್ಚಿ ಗಂಭೀರವಾಗಿ “ಶಾಂತಿ” ಎಂದರು. ಆ ಹೊತ್ತಿಗೆ ಕೋಲೂರಿಕೊಂಡು ಅಂಗಡಿಗೆ ಬಂದಿದ್ದ ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದಳು.

“ನಿಮ್ಮ ಮನ್ಯಾಗ ಐತೇನ್ರಿ ಮಾಸ್ತರ್ರ?”

ಮಾಸ್ತರು ನಿಘಂಟು ತಿರುವತೊಡಗಿದರು. ಅವರ ಮನೆಯವರ ಗಂಟಲು ಇಡೀ ಓಣಿಗೆ ಗೊತ್ತು. ಅಷ್ಟರಲ್ಲಿ ಕಂಪ್ಲಿಯಿಂದ ಫೋನು: “ಅಕ್ಕಾ, ಸೊಳ್ಳೆ! ಸೊಳ್ಳೆ ಅಂತ ಬರಿ! ಮುಗೀತು ನಂದು!” ಕಾಲುವೆ ನೀರು, ಭತ್ತದ ಗದ್ದೆ, ಅವನಿಗೆ ಬೇರೆ ಏನು ಹೊಳೆದೀತು? ಅತ್ತೆ ಮಾತ್ರ ಕೆಂಪು ಪೆನ್ನಿನಿಂದ ದಪ್ಪಗೆ ‘ಧೂಳು’ ಎಂದು ಬರೆದು, “ಸಂಡೂರು ಬಸ್ಸಿನ್ಯಾಗ ಅಷ್ಟು ವರ್ಷ ನುಂಗೀನಿ, ನನಗ ಗೊತ್ತಿಲ್ಲೇನು?” ಎಂದಳು. ಮರುದಿನ ಸರಿಯುತ್ತರ ಅದೇ ಬಂತು. ಪತ್ರಿಕೆಗೆ ಮೊದಲ ಸಲ ತೊಂಬತ್ತು ಮಾರ್ಕ್ಸ್ ಬಿತ್ತು. ಅಚ್ಚು ಮಸುಕಾಗಿದ್ದಕ್ಕೆ ಹತ್ತು ಕಡಿತ.

ಅಲ್ಲಿಂದ ಶುರುವಾಯಿತು ನೋಡಿ ಊರಿನ ಸಂಕಟ. ಪದಬಂಧ ದಿನದಿನಕ್ಕೆ ಕಠಿಣವಾಗುತ್ತ ಹೋಯಿತು. ಸಂಡೂರು ಬಸ್ಸಿನ ಕಂಡಕ್ಟರ್ ಟಿಕೆಟ್ಟಿನ ಜೊತೆ ಸುಳಿವನ್ನೂ ಕೊಡತೊಡಗಿದ. ಬಸ್ಸಿಗೆ ಬಸ್ಸೇ ತಲೆ ಕೆರೆದುಕೊಂಡು ಕೂತು, ಇಳಿಯಬೇಕಾದ ಹೆಂಗಸೊಬ್ಬಳು ತನ್ನ ಸ್ಟಾಪು ದಾಟಿ ಹೋದಳಂತೆ. ನನ್ನ ಅಂಗಡಿಗೆ ಬರುವ ಒಬ್ಬ ಗುಮಾಸ್ತರು ಪದಬಂಧ ಬಿಡಿಸಲಾಗದೆ ಬೇಸತ್ತು ಆಫೀಸಿನಲ್ಲಿ ಕೆಲಸ ಮಾಡತೊಡಗಿದರು! ಮಿರ್ಚಿ ಬಂಡಿಯವನೊಬ್ಬನೇ ಸಂತೋಷಪಟ್ಟವನು. “ಮಸ್ತ್ ಐತ್ರಿ ಹೊಸಾದು. ಯಾರೂ ಬರೆಯಂಗಿಲ್ಲ, ಗೀಚಂಗಿಲ್ಲ, ಪೇಪರು ಕ್ಲೀನ್ ಸಿಗತೈತಿ ಮಿರ್ಚಿ ಕಟ್ಟಾಕ,” ಎಂದ.

ಮಾಸ್ತರು ಸುಮ್ಮನೆ ಕೂರಲಿಲ್ಲ. ಪತ್ರಿಕೆಯ ಸಂಪಾದಕರಿಗೆ ಒಂದು ಮನವಿ ಬರೆದು ತಂದರು. ‘ಪದಬಂಧವನ್ನು ಮೊದಲಿನಂತೆ ಸುಲಭಗೊಳಿಸಿ, ಹಿರಿಯ ನಾಗರಿಕರ ಮತ್ತು ಅನಾರೋಗ್ಯಪೀಡಿತರ ಮನಸ್ಸಿಗೆ ಘಾಸಿಯಾಗದಂತೆ ಕಾಪಾಡಬೇಕು’ ಎಂಬ ಒಕ್ಕಣೆ. ಅಂಗಡಿಗೆ ಬಂದವರೆಲ್ಲ ಸಹಿ ಹಾಕಿದರು. ಪದಬಂಧ ಬಿಡಿಸದವರೂ ಹಾಕಿದರು, ನಮ್ಮ ಜನ ಕಾಗದ ಮುಂದಿಟ್ಟರೆ ಸಹಿ ಹಾಕಿಯೇ ಹಾಕುತ್ತಾರೆ. ಮಾಸ್ತರು ಅದನ್ನು ಅತ್ತೆಯ ಮುಂದೆ ಹಿಡಿದರು.

“ನೀವೂ ಹಾಕ್ರಿ ಅಕ್ಕಾರ. ಮುಖ್ಯ ನಿಮ್ಮ ಸಲುವಾಗೇ ಬರದೀನಿ.”

ಅತ್ತೆ ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದಳು. ಎರಡು ಕಡೆ ತಿದ್ದಿದಳು. ಮೂಲೆಯಲ್ಲಿ ಮೂವತ್ತು ಎಂದು ಬರೆದು ಗೋಲ ಸುತ್ತಿದಳು.

“ಫೇಲ್,” ಎಂದಳು. “ಬರಲಿಲ್ಲ ಅಂದ್ರ ಬರಲಿಲ್ಲ ಅನ್ರಿ. ಕೊಟ್ಟಾಂವಂದು ತಪ್ಪು ಅಂತ ಅರ್ಜಿ ಬರೀತೀರೇನು?”

“ಅತ್ತೀ, ನೀನ ದಿನಾ ಪೇಪರ್‌ದು ತಪ್ಪು ಅಂತೀಯಲ್ಲ!” ಎಂದೆ ನಾನು.

“ತಪ್ಪು ಅಂತೀನಿ. ಸುಲಭ ಮಾಡ್ರಿ ಅಂತ ಯಾವತ್ತರ ಅಂದೀನೇನು? ನನ್ನ ಸಲುವಾಗಿ ಯಾರೂ ಏನೂ ಸುಲಭ ಮಾಡಬ್ಯಾಡ್ರಿ. ಈ ಹೊಸಬ ಯಾರೋ ಏನೋ, ಅವನಿಗೆ ನನ್ನ ಕೈ ಹೋಗಿದ್ದು ಗೊತ್ತಿಲ್ಲ, ಡಾಕ್ಟರ್ ಏನಂದ್ರು ಗೊತ್ತಿಲ್ಲ. ಬಂದ್ರ ಬಾ ಅಂತ ಎದುರಿಗೆ ನಿಂತಾನ. ಅಷ್ಟು ಸಾಕು ನನಗ.”

ಮನವಿ ಅಲ್ಲಿಗೇ ನಿಂತಿತು. ಫೇಲಾದ ಕಾಗದವನ್ನು ಕಳಿಸಲು ಮಾಸ್ತರಿಗೆ ಮನಸ್ಸು ಬರಲಿಲ್ಲ.

ಮುಂದಿನ ಭಾನುವಾರ ದೊಡ್ಡ ಪದಬಂಧ ಬಂತು. ಭಾನುವಾರದ್ದಕ್ಕೆ ಉತ್ತರ ಬರುವುದು ಮರುವಾರ. ಅದರಲ್ಲಿ ಒಂದು ಸುಳಿವು ಇಡೀ ಊರನ್ನು ಕಟ್ಟಿ ಹಾಕಿತು: ‘ಎಲ್ಲರಿಗಿಂತ ಮೊದಲು ಏಳುತ್ತದೆ, ಎಲ್ಲರಿಗಿಂತ ಕೊನೆಗೆ ಮಲಗುತ್ತದೆ. ಮೂರು ಅಕ್ಷರ.’ ಮಾಸ್ತರು ಸಡಗರದಿಂದ “ಭಾಸ್ಕರ! ಬಂದ ನೋಡು ನಮ್ಮ ಸೂರ್ಯ!” ಎಂದರು. ಸೂರ್ಯ ಸಂಜೆಗೇ ಮಲಗುತ್ತಾನಲ್ಲ ಎಂದಿದ್ದಕ್ಕೆ ಮುಖ ಊದಿಸಿಕೊಂಡರು. ಚಿಕ್ಕಪ್ಪ ಏನೋ ಒಂದು ತುಂಬಿ ಎಮ್ಮಿಗನೂರಿನ ಮೇಲೆ ಹಾಕಿದ. ಅವ್ವನನ್ನು ಕೇಳಿದರೆ ಒಲೆಯ ಮುಂದಿನಿಂದಲೇ, “ಎಲ್ಲಾರಿಗಿಂತ ಮೊದ್ಲು ಏಳಾಕಿ, ಕಡೀಕ ಮಲಗಾಕಿ ಇನ್ಯಾರು? ನಾನ! ಬರಕೋ,” ಎಂದಳು. ಅವಳ ಹೆಸರಿಗೆ ನಾಲ್ಕು ಅಕ್ಷರ, ಹೊಂದಲಿಲ್ಲ.

ಅತ್ತೆಗೂ ಅದು ಬಗ್ಗಲಿಲ್ಲ. ವಿಚಿತ್ರವೆಂದರೆ ಅವಳು ವೈಟ್‌ನರ್ ಮುಟ್ಟಲಿಲ್ಲ. “ಹೊಡದಾಡಾಕ ಬಂದಾನ ಇವ. ಮೋಸ ಮಾಡಬಾರದು,” ಎಂದಳು. ಮೂರು ಮನೆಗಳು ಖಾಲಿ ಉಳಿದವು. ಅವಳು ತಿಂಡಿ ಬಿಟ್ಟಳು. ಮಧ್ಯಾಹ್ನ ಊಟ ತಣ್ಣಗಾಯಿತು. ಸೋಮವಾರವೂ ಅದೇ ಹಾಡು. ಖಾಲಿ ಹೊಟ್ಟೆಗೆ ಮಾತ್ರೆ ಕೊಡಬಾರದೆಂದು ಡಾಕ್ಟರು ಹೇಳಿದ್ದು ನೆನೆಸಿಕೊಂಡು ಅವ್ವ ಸೆರಗು ಬಾಯಿಗೆ ಹಿಡಿದು ಅಂಗಡಿಗೇ ಬಂದುಬಿಟ್ಟಳು.

“ಆ ಸುಡುಗಾಡು ಪದಬಂಧ ನಮ್ಮಕ್ಕನ್ನ ನುಂಗತೈತೋ! ಏನರ ಮಾಡ್ರಿ ಮಾಸ್ತರ್ರ.”

ಮಾಸ್ತರು ಮಾಡಿದರು. ತಾವೇ ಕೂತು ಒಂದು ಪದಬಂಧ ರಚಿಸಿದರು! ಹೊಸ ಸಂಚು ಹೀಗೆ: ದಿನಾ ಪತ್ರಿಕೆಯ ಪದಬಂಧದ ಮೇಲೆ ಮಾಸ್ತರರ ಪದಬಂಧ ಅಂಟಿಸಿ, ಹಿಗ್ಗಿಸಿ, ಜೆರಾಕ್ಸ್ ಮಾಡಿ ಕೊಡುವುದು. ಅತ್ತೆ ಸುಲಭವಾಗಿ ಬಿಡಿಸುತ್ತಾಳೆ, ಸಂತೋಷಪಡುತ್ತಾಳೆ, ಊಟ ಮಾಡುತ್ತಾಳೆ. ಅಂಟಿನ ಗೆರೆ ಕಾಣದಂತೆ ಮಷೀನಿನಲ್ಲಿ ಬೆಳಕು ಹೆಚ್ಚಿಸುವುದು ನನ್ನ ಪಾಲಿನ ಕೆಲಸ. ಸರಿಯುತ್ತರದ ಚೌಕವನ್ನೂ ಹಾಗೇ ಹೊಂದಿಸಿದೆವು. ಖೋಟಾ ನೋಟು ಅಚ್ಚು ಹಾಕುವವರೂ ಅಷ್ಟು ಶ್ರದ್ಧೆ ವಹಿಸಲಿಕ್ಕಿಲ್ಲ!

ಮದ್ದು ಹತ್ತಿತು. ಮೊದಲ ದಿನವೇ ಅತ್ತೆ ಪದಬಂಧ ಮುಗಿಸಿ ಎರಡು ರೊಟ್ಟಿ ತಿಂದಳು. ಎರಡನೆಯ ದಿನ ಹೋಳಿಗೆ ಕೇಳಿದಳು. ಅವ್ವ ಮಾಸ್ತರಿಗೆ ಡಬ್ಬಿಯಲ್ಲಿ ಹೋಳಿಗೆ ಕಳಿಸಿದಳು. ಮಾಸ್ತರು ತಿನ್ನುತ್ತ, “ನೋಡು ತಮ್ಮಾ, ಪದಬಂಧ ಅಂದ್ರ ಹಿಂಗಿರಬೇಕು. ಬಿಡಿಸಿದವರ ಮೈಗೆ ಹತ್ತಬೇಕು,” ಎಂದರು. ಸುದ್ದಿ ಕೇ‍ಳಿ ಚಿಕ್ಕಪ್ಪನೂ ಖುಷಿಯಾದ. ತನಗೂ ಒಂದು ಪ್ರತಿ ಕಳಿಸಿರೆಂದು ಕೇಳಿದ.

ಗುರುವಾರ ಸಂಜೆ ಅಂಗಡಿಯಲ್ಲಿ ಮಾಸ್ತರು ಶುಕ್ರವಾರದ ಪದಬಂಧ ಕೊಡುತ್ತಿದ್ದರು, ನಾನು ಕತ್ತರಿ ಹಿಡಿದಿದ್ದೆ. ಕೋಲಿನ ಸದ್ದಾಯಿತು. ಅತ್ತೆ! ಮಾಸ್ತರು ಹಾಳೆಯನ್ನು ನಿಘಂಟಿನೊಳಗೆ ತುರುಕಿದರು. ಅತ್ತೆ ಸ್ಟೂಲು ಎಳೆದುಕೊಂಡು ಕೂತಳು, ಚೀಲದಿಂದ ಆ ವಾರದ ಹಾಳೆಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿದಳು.

“ಮಂಗಳವಾರ ಬ್ರಹ್ಮನ ವಾಹನ, ಬುಧವಾರ ಗಣಪತೀದು. ಇವತ್ತು ಯಮಂದು. ಮಾಸ್ತರ್ರ, ನಾಳೆ ಯಾರ ಗಾಡಿ ತರಾವ್ರು ಇದ್ರಿ?”

ನಾನು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟೆ.

“ಮೊದಲ್ನೇ ದಿನಾನ ಗೊತ್ತಾತು ನನಗ. ಎಷ್ಟು ದಿನ ಮಾಡ್ತೀರಿ ನೋಡಣ ಅಂತ ಸುಮ್ನಿದ್ದೆ. ರೊಟ್ಟಿ ತಿಂದಿದ್ದು ಯಾಕ? ಅಲ್ಲಿ ನಿಮ್ಮವ್ವ ಅಳಾಕ ಹತ್ತಿದ್ಲು, ಅದಕ್ಕ.” ಅವಳ ದನಿ ಏರಿತು. “ಬರದಿದ್ರ ಬರಲಿಲ್ಲ ಅಂತ ಇರ್ಲಿ! ಖಾಲಿ ಇರ್ಲಿ! ಆ ಮೂರು ಮನಿ ಖಾಲಿ ಅದಾವಲ್ಲ, ಅವು ನನ್ನವು. ನಾ ತುಂಬತೀನಿ, ಇಲ್ಲಾಂದ್ರ ಬಿಡ್ತೀನಿ. ಅದನ್ನೂ ಕಸಗೊಳ್ತೀರೇನು ನನ್ನ ಕಡಿಂದ? ಹೋಗ್ಲಿ, ಮಾಸ್ತರ್ರು ಹೊರಗಿನೋರು. ನೀನು? ನಾ ಎತ್ತಿ ಆಡಿಸಿದ ಕೂಸು ನೀನು, ನೀನೂ ಹಿಂಗ ಮಾಡಿದ್ರ ಹೆಂಗಲೇ...”

ಮಾತು ಅಲ್ಲಿಗೆ ನಿಂತಿತು.

ನನ್ನ ಮುಖವನ್ನೇ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿ ಅಲ್ಲೇ ಉಳಿಯಿತು. ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಅವಳು ನನ್ನ ಹೆಸರು ಹುಡುಕುತ್ತಿದ್ದಳು.

ಮಾಸ್ತರು ಬಾಯಿ ತೆರೆದರು. “ಹೇಳಬ್ಯಾಡ್ರಿ!” ಎಂದು ಅತ್ತೆ ಚೀರಿದಳು. ಅಂಗಡಿಗೆ ಬಂದಿದ್ದವರೆಲ್ಲ ತಿರುಗಿ ನೋಡಿದರು. ಹೆಸರು ನನ್ನ ಬಾಯಿಗೇ ಬಂದಿತ್ತು, ನಾಲಿಗೆ ಕಚ್ಚಿಕೊಂಡೆ. ಅವಳು ಕೂತೇ ಇದ್ದಳು, ನಾವು ನಿಂತೇ ಇದ್ದೆವು. ಹೊರಗೆ ಕಂಪ್ಲಿ ಬಸ್ಸು ಹಾರ್ನ್ ಹೊಡೆದು ಹೊರಟು ಹೋಯಿತು. ಹೆಸರು ಬರಲಿಲ್ಲ. ಅತ್ತೆ ಕೋಲು ಊರಿ ಎದ್ದಳು.

“ಬರ್ತೈತಿ,” ಎಂದಳು. “ಎಲ್ಲಿಗೆ ಹೋಗ್ತೈತಿ ಅದು? ಯಾರೂ ಹೇಳಾಂಗಿಲ್ಲ. ನೀನೂ.”

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಅದರ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ‘ಕುರ್ರ್’ ಎಂದು ಊದಿ ಹೆಸರು ಹೇಳಬೇಕು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ನನ್ನ ತೊಟ್ಟಿಲಿನ ದಿನ ಹಿರಿಯರೆಲ್ಲ ಸೇರಿ ಬೇರೊಂದು ಹೆಸರು ನಿಶ್ಚಯಿಸಿದ್ದರಂತೆ. ಇವಳು ಬಗ್ಗಿ, ತನಗೆ ಬೇಕಾದ ಹೆಸರನ್ನು ಕಿವಿಯಲ್ಲಿ ಹೇಳಿಬಿಟ್ಟಳಂತೆ! ಆ ದಿನ ಅವಳ ಬೆನ್ನಿಗೆ ಬಿದ್ದ ಗುದ್ದುಗಳಲ್ಲಿ ಅರ್ಧ ಶಾಸ್ತ್ರಕ್ಕೆ, ಅರ್ಧ ಸಿಟ್ಟಿಗೆ ಎಂದು ಅವ್ವ ಈಗಲೂ ನಗುತ್ತಾಳೆ. ಇವಳು ಹಲ್ಲು ಕಚ್ಚಿಕೊಂಡು ಗುದ್ದಿಸಿಕೊಂಡಳಂತೆ, ಹೆಸರು ಮಾತ್ರ ಬದಲಾಯಿಸಲಿಲ್ಲ. ಹಾಗೆ ಗೆದ್ದು ಇಟ್ಟ ಹೆಸರು ಈಗ ಅವಳಿಗೇ ಸಿಗುತ್ತಿರಲಿಲ್ಲ.

ಮನೆಯಲ್ಲಿ ನಾನು ಕಟ್ಟಾಜ್ಞೆ ಹೊರಡಿಸಿದೆ. ನನ್ನ ಹೆಸರನ್ನು ಯಾರೂ ಎತ್ತಕೂಡದು! ಅವ್ವ ನನ್ನನ್ನು “ಏ ಇವನ”, “ಏ ತಿಂಡಿಗೆ ಬಾರೋ, ನೀನ” ಎಂದೆಲ್ಲ ಕರೆಯತೊಡಗಿದಳು. ಕಂಪ್ಲಿ ಚಿಕ್ಕಪ್ಪನಿಗೂ ಎಚ್ಚರಿಕೆ ಕೊಟ್ಟೆ. ಅವನು ಪಾಪ, ಬಾಯಿ ತಪ್ಪೀತೆಂಬ ಭಯಕ್ಕೆ ಫೋನು ಮಾಡುವುದನ್ನೇ ಬಿಟ್ಟ. ಹೆಸರು ಕಾಣುವುದೆಂದು ಗೋಡೆಯ ಮೇಲಿನ ನನ್ನ ಶಾಲೆಯ ಬಹುಮಾನದ ಸರ್ಟಿಫಿಕೇಟನ್ನು ಅವ್ವ ತಿರುಗಿಸಿಟ್ಟಳು. ಬೀದಿಯಲ್ಲಿ ಯಾರೋ ನನ್ನನ್ನು ಕೂಗಿದರೆಂದು ಮಾಸ್ತರು ಅಡ್ಡ ಓಡಿ ಹೋಗಿ ಅವರ ಬಾಯಿ ಮುಚ್ಚಿಸಿದರು. ಉಪ್ಪು ಕೇಳಿದರೆ ಸಂತೆ ಸುರಿಯುತ್ತಿದ್ದ ನಾವು, ಒಂದೇ ಒಂದು ಪದವನ್ನು ಅವಳ ಸಲುವಾಗಿ ಮುಟ್ಟದೆ ಹಾಗೇ ಬಿಟ್ಟಿರುವುದನ್ನು ಆ ವಾರ ಕಲಿತೆವು. ಬಹಳ ಕಷ್ಟದ ಕೆಲಸ, ನಿಜ ಹೇಳುತ್ತೇನೆ.

ಭಾನುವಾರ ಸರಿಯುತ್ತರ ಬಂತು. ಎಲ್ಲರಿಗಿಂತ ಮೊದಲು ಏಳುವುದು, ಕೊನೆಗೆ ಮಲಗುವುದು: ‘ಹಸಿವು’. ಅತ್ತೆ ದಿಟ್ಟಿಸಿ ನೋಡಿದಳು. ಊಟ ಬಿಟ್ಟು ಕೂತು ಹುಡುಕಿದ್ದು ಇದನ್ನೇ! ಮೈ ಕುಲುಕಿಸಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಭಲೇ ಮಗನ! ಹೊಟ್ಟಿ ಕೂಗಾಕ ಹತ್ತಿತ್ತು, ನಾನ ಕೇಳಲಿಲ್ಲ,” ಎಂದು ಪತ್ರಿಕೆಗೆ ನೂರಕ್ಕೆ ನೂರು ಹಾಕಿದಳು. ಖಾಲಿ ಮನೆಗಳನ್ನು ಮಾತ್ರ ತುಂಬಲಿಲ್ಲ. ಸೋತದ್ದು ಸೋತ ಹಾಗೇ ಇರಲಿ ಎಂದು ಹಾಳೆ ಮಡಿಚಿಟ್ಟಳು. ಆಮೇಲೆ ನನ್ನ ಕಡೆ ಒಂದು ಸಲ ನೋಡಿ, ಕೋಣೆಯ ಬಾಗಿಲು ಹಾಕಿಕೊಂಡಳು.

ಆ ಹೆಸರು ಬಾರದೇ ಹೋದರೆ? ಹೀಗೇ ಒಂದೊಂದಾಗಿ ಎಲ್ಲವೂ ಹೋಗುತ್ತ, ಕೊನೆಗೆ ಅವಳ ಪಾಲಿಗೆ ನಾನು ಯಾರೋ ಒಬ್ಬ ಜೆರಾಕ್ಸಿನವನಾಗಿ ಉಳಿದರೆ? ಅವಳ ಜಿದ್ದು ಮುರಿದಾದರೂ ಹೇಳಿಬಿಡಲೇ ಎಂದು ಎಷ್ಟು ಸಲ ಅವಳ ಕೋಣೆಯ ಬಾಗಿಲವರೆಗೆ ಹೋಗಿ ಬಂದೆನೋ.

ಮಂಗಳವಾರ ಅಂಗಡಿಯಲ್ಲಿ ಸಿಕ್ಕಾಪಟ್ಟೆ ರಶ್ಶು. ಆಧಾರು, ಪಹಣಿ, ಅಂಕಪಟ್ಟಿ ಹಿಡಿದು ಜನ ಮೇಜಿಗೆ ಒತ್ತಿ ನಿಂತಿದ್ದರು, “ಜಲ್ದಿ ಮಾಡ್ರಿ, ಬಸ್ಸು ಹೋಗತೈತಿ” ಎನ್ನುತ್ತಿದ್ದರು. ಫೋನು ರಿಂಗಾಯಿತು. ಮನೆಯ ನಂಬರು. ಎತ್ತಿಕೊಂಡೆ. ಆ ಕಡೆ ಉಸಿರು ಕೇಳಿಸಿತು. ಆಮೇಲೆ, ಗೆದ್ದವರ ಗಟ್ಟಿ ದನಿಯಲ್ಲಿ, ಒಂದೇ ಪದ.

“ಪಂಪಾಪತಿ!”

ಅಷ್ಟೇ. ಫೋನು ಇಟ್ಟುಬಿಟ್ಟಳು. ನಾನು ಅಷ್ಟು ಜನರ ನಡುವೆ ಆ ಖಾಲಿ ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಸುರಿಸಿಕೊಂಡು, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ “ಓ!” ಎಂದೆ.